ಮಳೆಯ ಲೆಕ್ಕಕ್ಕೇಕೆ ಗಡಿ?

ಮಿರಗ ಮಳೆ ಕೂಡಿತೆಂದರೆ ನಮ್ಮ ಮನೆಯ ಫೋನಿಗೆ ಪುರಸತ್ತು ಇರುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಆಳಂದ ತಾಲೂಕಿನಲ್ಲಿರುವ ಬೀಗರಿಗೆ ಫೋನು ಹಚ್ಚುವುದು ನನ್ನ ದಿನಚರಿ.

"ಏನ್ರಿ ಬೀಗರೆ, ನಿಮ್ಮ ಕಡಿ ಎಷ್ಟಾತು?"

"ಇವತ್ತ ಮೂವತ್ತೆಂಟು ಮಿಲಿಮೀಟರ್ ಆಗ್ಯದ ನೋಡ್ರಿ. ಮೋಡ ನಿಮ್ಮ ಕಡೀಗೇ ಹೊಂಟಂಗ ಕಾಣ್ತದ."

ಅಷ್ಟು ಕೇಳಿದ ಮೇಲೆಯೇ ಮರುದಿನ ಕೂರಿಗೆ ಹೂಡಬೇಕೋ ಬೇಡವೋ ಎಂಬುದು ನಮ್ಮಲ್ಲಿ ಇತ್ಯರ್ಥ. ಮುರುಮದಲ್ಲಿ ಹೀಗೆ ಫೋನು ಮಾಡುವವನು ನಾನೊಬ್ಬನೇ ಅಲ್ಲ. ಅತ್ತ ಮಗಳನ್ನು ಕೊಟ್ಟವರು, ಇತ್ತ ಸೊಸೆ ತಂದವರು ಎಲ್ಲರೂ ಇದನ್ನೇ ಮಾಡುತ್ತಾರೆ. ನಿಲಂಗಾದವರು ಬಸವಕಲ್ಯಾಣ, ಭಾಲ್ಕಿಯ ಕಡೆ ಕೇಳುತ್ತಾರೆ. ಉದಗೀರದವರು ಕಮಲನಗರ, ಔರಾದದ ಕಡೆ ಕೇಳುತ್ತಾರೆ. ಗಡಿಯ ರೈತನ ಹವಾಮಾನ ಇಲಾಖೆ ಎಂದರೆ ಅವನ ಬೀಗರು. ಬೀಗತನ ಕೆಟ್ಟಿತೆಂದರೆ ಮಳೆಯ ಸುದ್ದಿಯೂ ನಿಂತಿತು!

ನಗೆಮಾತಿನಂತೆ ಕಂಡರೂ ಇದು ನಗುವ ವಿಷಯವಲ್ಲ.

1956ರಲ್ಲಿ ಹೈದರಾಬಾದ ರಾಜ್ಯ ಒಡೆದಾಗ ಬೀದರ ಜಿಲ್ಲೆಯ ನಿಲಂಗಾ, ಉದಗೀರ ಮುಂಬಯಿ ರಾಜ್ಯದ ಪಾಲಾದವು. ನಮ್ಮ ಉಸ್ಮಾನಾಬಾದ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯೂ ಅತ್ತಲೇ ಹೋಯಿತು. ಬೀದರ, ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದವು. ಒಂದೇ ದಫ್ತರದಲ್ಲಿದ್ದ ಊರುಗಳು ಎರಡು ದಫ್ತರಗಳಿಗೆ ಹಂಚಿಹೋದವು. ಎರೆಭೂಮಿ ಮಾತ್ರ ಒಂದೇ ಉಳಿಯಿತು. ಬೆಳೆಯೂ ಒಂದೇ: ಸೋಯಾ, ತೊಗರಿ, ಉದ್ದು, ಹೆಸರು, ಹಿಂಗಾರಿಗೆ ಜೋಳ, ಕಡಲೆ.

ಮಳೆ ಅಳೆಯುವ ಯಂತ್ರಗಳಿಗೆ ಇಂದು ಎರಡೂ ಕಡೆ ಕೊರತೆಯಿಲ್ಲ. ಕರ್ನಾಟಕ 1988ರಲ್ಲಿಯೇ ಬರ ನಿಗಾ ಘಟಕ ಕಟ್ಟಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು ಗ್ರಾಮ ಪಂಚಾಯ್ತಿಗೊಂದರಂತೆ ತಂತಾನೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿತು. ಮಹಾರಾಷ್ಟ್ರವೂ 'ಮಹಾವೇಧ' ಯೋಜನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಂದಾಯ ಮಂಡಲಗಳಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರ ಕೂಡಿಸಿದೆ. ಯಾರೂ ಲೆಕ್ಕ ಮುಚ್ಚಿಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ರಾಜ್ಯದ ಮಳೆ ನಕ್ಷೆ ತೆಗೆದು ನೋಡಿ. ಗಡಿಗೆರೆಯ ತನಕ ಹಸಿರು, ನೀಲಿ ಬಣ್ಣ. ಗೆರೆ ದಾಟಿದರೆ ಬಿಳಿ ಕಾಗದ! ಆಚೆ ನೆಲವೇ ಇಲ್ಲವೇನೋ, ಮಳೆಯೇ ಬೀಳುವುದಿಲ್ಲವೇನೋ ಎಂಬಂತೆ. ಇತ್ತಲಿನ ನಕ್ಷೆ ಮರಾಠಿಯಲ್ಲಿ, ಅತ್ತಲಿನದು ಕನ್ನಡದಲ್ಲಿ. ನಡುವೆ ಇರುವ ನಮ್ಮಂಥವರು ಎರಡು ಅರ್ಧ ಚಿತ್ರ ಜೋಡಿಸಿಕೊಂಡು ಕೂಡಬೇಕು.

"ನಿನ್ನ ಹೊಲದಾಗ ಮಳಿ ಎಷ್ಟಾತು ಅಂಬೋದು ನಿನಗ ಗೊತ್ತದಲ್ಲ, ಆಳಂದದ ಲೆಕ್ಕ ಯಾಕ ಬೇಕು?" ಎಂದು ಪೇಟೆಯ ಗೆಳೆಯರೊಬ್ಬರು ಕೇಳಿದರು. ಯಾಕೆ ಬೇಕು ಎಂಬುದನ್ನು ನಾನು ನಷ್ಟ ಕೊಟ್ಟು ಕಲಿತಿದ್ದೇನೆ. ಒಂದು ವರ್ಷ ಜೂನ್ ಎರಡನೆಯ ವಾರದಲ್ಲಿ ನಮ್ಮ ಹೊಲದ ಮೇಲೆ ಗುಡುಗು ಸಹಿತ ದೊಡ್ಡ ಮಳೆಯಾಯಿತು. ಬದುವಿನಲ್ಲಿ ನೀರು ನಿಂತಿತು. ಮಳೆಗಾಲ ಬಂತೆಂದು ಸೋಯಾ ಬಿತ್ತಿದೆ. ಆ ವರ್ಷ ಬೀಗರ ಮನೆಯಲ್ಲಿ ಸೂತಕ, ಫೋನು ಮಾಡಿರಲಿಲ್ಲ. ಮಾಡಿದ್ದರೆ ತಿಳಿಯುತ್ತಿತ್ತು: ಆಳಂದದ ಖಜೂರಿ ಕಡೆಗೆ ಹನಿಯಿಲ್ಲ, ಬಸವಕಲ್ಯಾಣದ ಕಡೆಗೂ ಹನಿಯಿಲ್ಲ. ಅಂದರೆ ಬಂದದ್ದು ಮುಂಗಾರಲ್ಲ, ನಮ್ಮ ನಾಲ್ಕು ಊರಿನ ಮೇಲೆ ಕಟ್ಟಿ ಸುರಿದು ಹೋದ ಬಿಡಿ ಮೋಡ. ಮುಂದೆ ಇಪ್ಪತ್ತು ದಿನ ಬಿಸಿಲು. ಮೊಳಕೆ ಕಮರಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎರಡೆರಡು ಸಲ ಕೊಟ್ಟೆ.

75ರಿಂದ 100 ಮಿಲಿಮೀಟರ್ ಮಳೆಯಾಗದೆ ಬಿತ್ತಬೇಡಿ ಎಂದು ಕೃಷಿ ಇಲಾಖೆಯವರು ವರ್ಷವೂ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಎಷ್ಟು ಬಿತ್ತು ಎಂಬುದರ ಜೊತೆಗೆ ಎಲ್ಲಿಂದ ಎಲ್ಲಿಯ ತನಕ ಬಿತ್ತು ಎಂಬುದೂ ಗೊತ್ತಾಗಬೇಕು. ಸುತ್ತಣ ಮೂವತ್ತು ನಲವತ್ತು ಕಿಲೋಮೀಟರಿನ ಲೆಕ್ಕ ಕೂಡಿಸಿದರೆ ಮಾತ್ರ ಅದು ಮುಂಗಾರೋ ಬಿಡಿ ಮೋಡವೋ ತಿಳಿಯುತ್ತದೆ. ನಮ್ಮ ಸುತ್ತಿನ ಅರ್ಧಭಾಗ ಗಡಿಯಾಚೆಗಿದೆ.

ಇನ್ನು ಜಗತ್ತು ಈ ವಿಷಯದಲ್ಲಿ ಹೇಗೆ ನಡೆಯುತ್ತದೆ ನೋಡಿ. ದೇಶದೇಶಗಳ ಹವಾಮಾನ ತಜ್ಞರು ವಿಯೆನ್ನಾದಲ್ಲಿ ಸೇರಿ ಲೆಕ್ಕ ಹಂಚಿಕೊಳ್ಳಲು ಸಂಸ್ಥೆ ಕಟ್ಟಿದ್ದು 1873ರಲ್ಲಿ. ಅದೇ 1950ರಲ್ಲಿ ವಿಶ್ವ ಹವಾಮಾನ ಸಂಸ್ಥೆಯಾಯಿತು. ನಮ್ಮಲ್ಲಿ ಬೆಳಗಿನ ಐದೂವರೆ ಎಂದರೆ ಗ್ರೀನಿಚ್ಚಿನಲ್ಲಿ ನಡುರಾತ್ರಿ. ಆ ಹೊತ್ತಿಗೆ ಭೂಮಂಡಲದ ಮೇಲೆಲ್ಲ ಸಾವಿರಾರು ಕೇಂದ್ರಗಳಲ್ಲಿ ಏಕಕಾಲಕ್ಕೆ ಗಾಳಿ, ಶಾಖ, ಒತ್ತಡ ಅಳೆಯುತ್ತಾರೆ. ಆ ಅಂಕಿಗಳು ದೇಶದಿಂದ ದೇಶಕ್ಕೆ ಹರಿಯುತ್ತವೆ. ಅತ್ಯಗತ್ಯ ಮಾಹಿತಿಯನ್ನು ಹಣವಿಲ್ಲದೆ, ತಡೆಯಿಲ್ಲದೆ ಕೊಡಬೇಕೆಂದು 1995ರಲ್ಲಿ ಎಲ್ಲ ಸದಸ್ಯರು ಸೇರಿ ಠರಾವು ಮಾಡಿದರು. 2021ರಲ್ಲಿ ಸಮುದ್ರ, ನದಿನೀರು, ಹಿಮ ಇವುಗಳ ಮಾಹಿತಿಗೂ ಅದನ್ನು ವಿಸ್ತರಿಸಿದರು. ಜಗಳವಾಡುವ ದೇಶಗಳೂ ಇದರಲ್ಲಿ ಕೂಡಿಯೇ ಇವೆ.

2021ರ ಸೆಪ್ಟೆಂಬರಿನ 'ಗುಲಾಬ್' ಚಂಡಮಾರುತ ನಮ್ಮವರಿಗೆ ಮರೆತಿಲ್ಲ. ಅದು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ 26ನೆಯ ತಾರೀಖು ಆಂಧ್ರದ ಕಳಿಂಗಪಟ್ಟಣದ ಹತ್ತಿರ ನೆಲ ಮುಟ್ಟಿತು. ಅಲ್ಲಿಂದ ಬಲ ಕಳೆದುಕೊಂಡು ನಮ್ಮ ಮರಾಠವಾಡದ ಮೇಲೆ ಬಂದು ಸುರಿಯಿತು. ಮಾಂಜರಾ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರು. ಕೊಯ್ಲಿಗೆ ಬಂದ ಸೋಯಾ ನೀರಲ್ಲಿ ನಿಂತು ಕಾಯಿಯಲ್ಲೇ ಮೊಳೆಯಿತು. ಆ ಗಾಳಿಗೆ 'ಗುಲಾಬ್' ಎಂಬ ಹೆಸರು ಕೊಟ್ಟದ್ದು ಪಾಕಿಸ್ತಾನ! ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಒಮಾನ್ ಸೇರಿ 13 ದೇಶಗಳು ಕೂಡಿ ಹೆಸರಿನ ಪಟ್ಟಿ ಮಾಡಿಕೊಂಡಿವೆ. ಅವೆಲ್ಲವಕ್ಕೂ ಚಂಡಮಾರುತದ ಮುನ್ಸೂಚನೆ ಹೋಗುವುದು ನಮ್ಮ ದೆಹಲಿಯಿಂದ. ನಮ್ಮನ್ನು ತೋಯಿಸಿ ಹೋದ ಅದೇ ಗಾಳಿಯ ಉಳಿಕೆ ಅರಬ್ಬೀ ಸಮುದ್ರಕ್ಕಿಳಿದು ಮತ್ತೆ ಬಲಗೊಂಡಿತು. ಆಗ ಅದರ ಹೆಸರು 'ಶಾಹೀನ್', ಇಟ್ಟದ್ದು ಕತಾರ್. ಅಕ್ಟೋಬರ್ 3ರಂದು ಒಮಾನಿಗೆ ಬಡಿಯಿತು. ಮರಾಠವಾಡದ ನೆತ್ತಿಯ ಮೇಲಿನ ಮೋಡದ ಲೆಕ್ಕ ಅರಬಸ್ತಾನಕ್ಕೆ ಮುಟ್ಟುತ್ತದೆ. ಮುರುಮದ ಮಳೆ ಲೆಕ್ಕ ಖಜೂರಿಗೆ ಮುಟ್ಟಲು ಬೀಗರೇ ಬೇಕು.

ಇನ್ನೂ ಹಿಂದಕ್ಕೆ ಹೋಗೋಣ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರು ಏಕೆ ಕೈಕೊಡುತ್ತದೆ ಎಂದು ಹುಡುಕಲು ಹೊರಟರು. ಉತ್ತರ ಭಾರತದೊಳಗೆ ಸಿಗಲಿಲ್ಲ. ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಹೀಗೆ ಪರದೇಶಗಳ ಗಾಳಿಯ ಒತ್ತಡದ ಲೆಕ್ಕ ತರಿಸಿ ಕೂಡಿಸಿ ನೋಡಿದಾಗ ಪೆಸಿಫಿಕ್ ಸಾಗರದ ಮೇಲಿನ ಒತ್ತಡದ ತಕ್ಕಡಿಗೂ ನಮ್ಮ ಮಳೆಗೂ ನಂಟಿದೆ ಎಂಬುದು ಕಂಡಿತು. ಇಂದು ಎಲ್‌ ನಿನೋ ಎಂಬ ಮಾತು ಹಳ್ಳಿಯ ಹೋಟೆಲಿನಲ್ಲೂ ಕೇಳುತ್ತದೆ. ನಮ್ಮ ಹಿರಿಯರು ಮರೆಯದ 72ರ ಬರವೂ ಅಂಥದೇ ವರ್ಷ. ಇಲ್ಲಿ ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವಾಗ ಅಲ್ಲಿ ಪೆರು ದೇಶದ ಮೀನುಗಾರರ ಬಲೆಗಳೂ ಬರಿದಾಗಿದ್ದವು. ಪೆರುವಿನ ಕಡಲು ಕಾದರೆ ನಮಗೆ ಇಂದು ತಿಳಿಯುತ್ತದೆ. ತಿಳಿಯಲೇಬೇಕು. ಆದರೆ ಗಡಿಯಾಚೆಯ ಹೊಲ ತೊಯ್ದದ್ದು ತಿಳಿಯಬೇಡವೆ?

ಇದು ಬರೀ ಬಿತ್ತನೆಯ ಪ್ರಶ್ನೆಯೂ ಅಲ್ಲ, ಪರಿಹಾರದ ಪ್ರಶ್ನೆ. ನಮ್ಮಲ್ಲಿ ಮಂಡಲದ ಮಾಪಕದಲ್ಲಿ 24 ತಾಸಿಗೆ 65 ಮಿಲಿಮೀಟರ್ ದಾಟಿದರೆ ಅದು ಅತಿವೃಷ್ಟಿ. ಒಂದು ಮಂಡಲದಲ್ಲಿ ಹತ್ತಾರು ಊರು, ಮಾಪಕ ಒಂದು. ಗಡಿಯಂಚಿನ ಊರಿಗೆ ಸ್ವಂತ ಮಂಡಲದ ಮಾಪಕಕ್ಕಿಂತ ಆಚೆ ರಾಜ್ಯದ ಪಂಚಾಯ್ತಿಯ ಮಾಪಕವೇ ಹತ್ತಿರ ಇರಬಹುದು. ಒಮ್ಮೆ ನನ್ನ ತೊಗರಿ ಮೂರು ದಿನ ನೀರಲ್ಲಿ ನಿಂತಿತ್ತು. ನಮ್ಮ ಮಾಪಕ ಆ ಗೆರೆ ಮುಟ್ಟಲಿಲ್ಲ. ಬೀಗರ ಕಡೆಯ ಮಾಪಕ ದಾಟಿತ್ತು. ಆ ಅಂಕಿಯನ್ನು ಕಾಗದದ ಮೇಲೆ ಬರೆದು ಒಯ್ದು ತೋರಿಸಿದೆ. "ಅದು ಬೇರೆ ರಾಜ್ಯದ್ದು ಮಾಸ್ತರ್" ಎಂದರು ಅಲ್ಲಿದ್ದವರು. ಅವರ ತಪ್ಪಲ್ಲ, ಅವರ ಮುಂದಿದ್ದ ಕಾಗದದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಬರದ ಮಾತಿಗೆ ಬಂದರೂ ಅಷ್ಟೇ. 2023ರಲ್ಲಿ ಕರ್ನಾಟಕ ತನ್ನ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿತು. ಮಹಾರಾಷ್ಟ್ರ ಅಕ್ಟೋಬರ್ ಕೊನೆಗೆ 40 ತಾಲೂಕುಗಳ ಪಟ್ಟಿ ಹೊರಡಿಸಿತು. ನಮ್ಮ ಜಿಲ್ಲೆಯ ವಾಶಿ, ಧಾರಾಶಿವ, ಲೋಹಾರಾ ಅದರಲ್ಲಿದ್ದವು, ಉಮರ್ಗಾ ಇರಲಿಲ್ಲ. ಮಂಡಲವಾರು ಪಟ್ಟಿ ಆಮೇಲೆ ಬಂತು. ಎರಡೂ ಸರ್ಕಾರದ ಕೈಯಲ್ಲಿದ್ದದ್ದು ಕೇಂದ್ರದ ಅದೇ 2016ರ ಬರ ಕೈಪಿಡಿ. ಯಾರು ಸರಿ, ಯಾರು ತಪ್ಪು ಎಂದು ನಾನು ತೀರ್ಪು ಕೊಡಲಾರೆ. ಎರಡೂ ಕಡೆಯ ಲೆಕ್ಕ ಒಂದೇ ಹಾಳೆಯ ಮೇಲೆ ಇದ್ದರೆ ರೈತನಿಗೆ ಕನಿಷ್ಠ ಕೇಳುವ ಬಾಯಿ ಬರುತ್ತದೆ ಎಂಬುದಷ್ಟೇ ನನ್ನ ಮಾತು.

ಇಲ್ಲಿ ನಾವು ಬೇಡುವವರಷ್ಟೇ ಅಲ್ಲ, ಕೊಡುವವರೂ ಹೌದು. ನಮ್ಮೂರ ಬೆಣ್ಣೆತೊರೆ ಹೆಸರಿನಲ್ಲೇ ಕನ್ನಡ ಇಟ್ಟುಕೊಂಡ ಹೊಳೆ. ಅದು ಕಲಬುರಗಿ ಜಿಲ್ಲೆಗೆ ಇಳಿದು ಕಾಗಿಣಾ ಸೇರಿ, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ತೇರಣಾದ ನೀರು ಮಾಂಜರಾ ಸೇರಿ ಬೀದರ ಜಿಲ್ಲೆಗೆ ಹೋಗಿ ಗೋದಾವರಿಯ ದಾರಿ ಹಿಡಿಯುತ್ತದೆ. ಇಲ್ಲಿ ರಾತ್ರಿ ಸುರಿದದ್ದು ಅಲ್ಲಿ ಹಗಲು ಹೊಳೆಯಾಗಿ ಬರುತ್ತದೆ. 2020ರ ಅಕ್ಟೋಬರಿನಲ್ಲಿ, 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಊರುಗಳು ನೀರುಂಡದ್ದನ್ನು ಎಲ್ಲರೂ ಕಂಡಿದ್ದೇವೆ. ದೊಡ್ಡ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬುದನ್ನು ಅಧಿಕಾರಿಗಳು ಒಬ್ಬರಿಗೊಬ್ಬರು ತಿಳಿಸುತ್ತಾರೆ. ಸಣ್ಣ ಹೊಳೆಯ ದಂಡೆಯ ಸಣ್ಣ ಊರಿಗೆ ತಿಳಿಸುವವರಾರು?

ಗಡಿ ತಂಟೆ ಸುಪ್ರೀಂ ಕೋರ್ಟಿನಲ್ಲಿರುವಾಗ ಇದೆಲ್ಲ ಆದೀತೆ ಎಂದು ಅನುಮಾನಿಸುವವರು ಇದ್ದಾರೆ. ಮಳೆ ಲೆಕ್ಕ ಕೊಟ್ಟರೆ ಯಾರ ವಾದವೂ ಸೋಲುವುದಿಲ್ಲ, ಯಾರ ಊರೂ ಅತ್ತಿತ್ತ ಆಗುವುದಿಲ್ಲ. ದೇಶಗಳೇ ಮಾಡಿಕೊಂಡಿರುವುದನ್ನು ಒಂದೇ ದೇಶದ ಎರಡು ಜಿಲ್ಲೆಗಳು ಮಾಡಿಕೊಳ್ಳಲು ಏನು ಅಡ್ಡಿ? ಮಾಹಿತಿ ನಿಂತರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2017ರಲ್ಲಿ, ಡೋಕ್ಲಾಂ ಬಿಕ್ಕಟ್ಟಿನ ವರ್ಷ, ಚೀನಾದಿಂದ ಬ್ರಹ್ಮಪುತ್ರೆಯ ನೀರಿನ ಲೆಕ್ಕ ಭಾರತಕ್ಕೆ ಬರಲಿಲ್ಲ. ಆಗ ನಾವೆಲ್ಲ ಅದು ಅನ್ಯಾಯ ಎಂದೆವು. ಸರಿಯಾಗಿಯೇ ಅಂದೆವು. ಹಾಗಾದರೆ ನಮ್ಮ ಮನೆಯಂಗಳದಲ್ಲಿ?

ಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಒಂದು, ಗಡಿಗೆ ಅಂಟಿದ ಮಂಡಲ ಮತ್ತು ಹೋಬಳಿಗಳ ಬೆಳಗಿನ ಎಂಟೂವರೆಯ ಮಳೆ ಲೆಕ್ಕ ಒಂದೇ ಹಾಳೆಯಲ್ಲಿ, ಕನ್ನಡ ಮರಾಠಿ ಎರಡರಲ್ಲೂ, ಎರಡೂ ಕಡೆಯ ಗ್ರಾಮ ಪಂಚಾಯ್ತಿಯ ಹಲಗೆಯ ಮೇಲೆ ಬರಲಿ. ಎರಡು, ಬೆಣ್ಣೆತೊರೆ, ತೇರಣಾ, ಮಾಂಜರಾದ ಮೇಲ್ದಂಡೆಯಲ್ಲಿ ಭಾರೀ ಮಳೆಯಾದಾಗ ಕೆಳದಂಡೆಯ ಊರುಗಳಿಗೆ ನೇರ ಸುದ್ದಿ ಹೋಗಲಿ. ಮೂರು, ಪಂಚನಾಮೆ ಮಾಡುವಾಗ ಹತ್ತಿರದ ಮಾಪಕ ಯಾವ ರಾಜ್ಯದ್ದೇ ಇರಲಿ, ಅದನ್ನು ಪೂರಕ ಸಾಕ್ಷಿಯಾಗಿ ಒಪ್ಪಲಿ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ 'ವಿಂಡ್ಸ್' ಯೋಜನೆ ಪಂಚಾಯ್ತಿಗೊಂದು ಮಳೆಮಾಪಕ, ದೇಶಕ್ಕೆಲ್ಲ ಒಂದೇ ಮಾದರಿಯ ಲೆಕ್ಕ ಎಂದು ಹೇಳುತ್ತದೆ. ಅದರ ಮೊದಲ ಪರೀಕ್ಷೆ ಗಡಿಯಲ್ಲಿಯೇ ಆಗಲಿ.

ನಾವೂ ಸುಮ್ಮನೆ ಕೂಡುವುದು ಬೇಡ. ಸಾಲಿ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ ನಿಲ್ಲಿಸಿ ಮಕ್ಕಳ ಕೈಲಿ ದಿನಾ ಎಂಟೂವರೆಗೆ ಬರೆಸಿದರೆ ಹತ್ತು ವರ್ಷಕ್ಕೆ ಅದೇ ಊರಿನ ಆಸ್ತಿ. ಯಂತ್ರ ಕೆಟ್ಟ ದಿನ ಅದೇ ಆಧಾರ.

ಬೀಗರಿಗೆ ಫೋನು ಮಾಡುವುದನ್ನು ನಾನೇನೂ ಬಿಡುವುದಿಲ್ಲ. ಆದರೆ ಆ ಫೋನಿನಲ್ಲಿ ಮೊಮ್ಮಕ್ಕಳ ಮಾತು, ಹಬ್ಬದ ಮಾತು ಆಡಬೇಕೆಂಬ ಆಸೆ ಇದೆ. ಬೀಗರು ಇಲ್ಲದ ರೈತನಿಗೂ ಆಚೆಯ ಮಳೆ ಎಷ್ಟೆಂಬುದು ಪಂಚಾಯ್ತಿಯ ಹಲಗೆಯ ಮೇಲೆ ಸಿಗಲಿ.