ಮಾಸಿನ ದಪ್ಪವೂ ಮನಸ್ಸಿನ ಭಾರವೂ

ಸ್ಕ್ಯಾನಿಂಗ್ ಕೊಠಡಿಯಿಂದ ಹೊರಬಂದ ಗರ್ಭಿಣಿಯೊಬ್ಬಳು, ವರದಿಯಲ್ಲಿನ ‘ಜರಾಯುವಿನ ದಪ್ಪ 42 ಮಿ.ಮೀ.’ ಎಂಬ ಸಾಲಿನ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಕುಳಿತ ಅತ್ತೆಯ ಮುಖವನ್ನು ನೋಡುವಾಗ, ಆ ಅಂಕಿಯ ಅರ್ಥವನ್ನು ಬಿಡಿಸಿ ಹೇಳುವವರೊಬ್ಬರೂ ಅಲ್ಲಿರದಿದ್ದರೆ ಅದನ್ನು ಅಲ್ಪಲೋಪವೆಂದು ನಾನು ಎಣಿಸಲಾರೆ.

ನಮ್ಮ ಹಿರಿಯರು ಮಾಸು ಎಂದು ಕರೆದ ಈ ಅಂಗವು ತಾಯಿಯ ರಕ್ತದಿಂದ ಪೋಷಕಾಂಶಗಳನ್ನೂ ಪ್ರಾಣವಾಯುವನ್ನೂ ಶಿಶುವಿಗೆ ದಾಟಿಸುವ ಸೇತುವೆಯಾಗಿದ್ದು, ಗರ್ಭಕ್ಕೆ ತುಂಬಿದ ವಾರಗಳೆಷ್ಟೋ ಸುಮಾರು ಅಷ್ಟೇ ಮಿಲಿಮೀಟರು ದಪ್ಪವಾಗಿ ಬೆಳೆಯುವುದು ಸಾಮಾನ್ಯ ಕ್ರಮ. ಅದು 40 ಮಿ.ಮೀ. ಮೀರಿದರೆ ಮಧುಮೇಹ, ತೀವ್ರ ರಕ್ತಹೀನತೆ, ತಾಯಿ-ಶಿಶುಗಳ ರಕ್ತದ ರೀಸಸ್ ವೈಷಮ್ಯ, ಸಿಫಿಲಿಸ್‌ನಂತಹ ಸೋಂಕುಗಳನ್ನೂ, ತೀರ ತೆಳುವಾದರೆ ತಾಯಿಯ ಅಧಿಕ ರಕ್ತದೊತ್ತಡವನ್ನೂ ಶಿಶುವಿನ ಕುಂಠಿತ ಬೆಳವಣಿಗೆಯನ್ನೂ ವೈದ್ಯರು ಶಂಕಿಸುವುದುಂಟು.

ಆದರೆ ಶಂಕೆಯೇ ನಿರ್ಣಯವಲ್ಲ. ಹೊಕ್ಕುಳಬಳ್ಳಿ ಸೇರುವೆಡೆಯಲ್ಲಿ ನೇರವಾಗಿ ಅಳೆಯದೆ ಓರೆಯಾಗಿ ಅಳೆದರೂ, ಅಳೆಯುವ ಗಳಿಗೆಯಲ್ಲಿ ಗರ್ಭಕೋಶದ ಸ್ನಾಯು ಬಿಗಿದಿದ್ದರೂ, ಸ್ವಸ್ಥವಾದ ಮಾಸೇ ದಪ್ಪನಾಗಿ ಕಾಣಿಸೀತು.

1958ರಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಶ್ರವಣಾತೀತ ಧ್ವನಿಯಿಂದ ಗರ್ಭವನ್ನು ಕಾಣುವ ಬಗೆಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಕಂಡುದನ್ನು ವಿವೇಕದಿಂದ ಅರ್ಥೈಸುವ ಹೊಣೆಯಾದರೋ ನಮ್ಮದೇ. ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್, ರಕ್ತದೊತ್ತಡ, ಸಕ್ಕರೆಯ ಅಂಶ, ಶಿಶುವಿನ ಬೆಳವಣಿಗೆ ಇವುಗಳೊಡನೆ ಕೂಡಿಸಿ ಓದಿದಾಗ ಮಾತ್ರ ಮಾಸಿನ ದಪ್ಪವು ಉಪಯುಕ್ತ ಸೂಚನೆಯಾಗುವುದು. ಒಂಟಿಯಾಗಿ ಓದಿದರೆ ಬರಿಯ ಭೀತಿಯಾಗುವುದು. ಆದಕಾರಣ ವರದಿಯ ಹಾಳೆಯನ್ನು ಕೈಗೀಯುವ ಮುನ್ನ ವೈದ್ಯರು ಗರ್ಭಿಣಿಗೆ ತಿಳಿಯುವ ಕನ್ನಡದಲ್ಲಿ ಎರಡು ಮಾತನ್ನಾಡುವುದು ಸೌಜನ್ಯವಷ್ಟೇ ಅಲ್ಲ, ಚಿಕಿತ್ಸೆಯ ಒಂದು ಅಂಗವೇ ಆಗಿದೆ.