ಕೊರಳಪಟ್ಟಿ ಕಟ್ಟಿ ಕಳುಹಿಸಿದರೆ ಸಾಲದು

ಜೀಪಿಗೆ ಹಿಂದಿನಿಂದ ಲಾರಿ ಗುದ್ದಿದರೆ ತಲೆ ಚಾಟಿಯಂತೆ ಒದರಿ ಕತ್ತಿನ ಸ್ನಾಯುಗಳು ಉಳುಕುತ್ತವೆ. ರಕ್ತ ಕಾಣುವುದಿಲ್ಲ, ಆದುದರಿಂದಲೇ ನಮ್ಮವರ ನೋವಿಗೆ 'ಸೋಗು' ಎಂಬ ಹೆಸರು! ಗೂಡಲೂರಿನ ಇಳಿಜಾರಿನಲ್ಲಿ ನಮ್ಮ ಸಹೋದರಿಯೊಬ್ಬರಿಗೆ ಹೀಗಾಯಿತು. ತೋಟದ ಆಸ್ಪತ್ರೆಯಲ್ಲಿ ಕೈ ಜೋಮು ಹಿಡಿದಿದೆಯೇ ಎಂದು ಯಾರೂ ಕೇಳಲಿಲ್ಲ. ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟು, ಅಲುಗಾಡದೆ ಮಲಗು ಎಂದರು. ಮೂರು ವಾರದ ಕೂಲಿ ಹೋಯಿತು, ಕತ್ತು ಕೊರಡಾಯಿತು.

ಸಿಬ್ಬಂದಿಗೆ ತರಬೇತಿ ಕೊಡಿಸಿ ಎಂದೆವು. "ಇಂಗ್ಲೆಂಡಿನಲ್ಲೇ ತರಬೇತಿಯಿಂದ ಪ್ರಯೋಜನವಾಗಲಿಲ್ಲವಲ್ಲ" ಎಂದು ಆಡಳಿತದವರು ನಕ್ಕರು. ಅರ್ಧ ಸತ್ಯ. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಆ ಪರೀಕ್ಷೆಯಲ್ಲಿ 3,851 ರೋಗಿಗಳಿದ್ದರು. ತುರ್ತು ವಿಭಾಗದವರಿಗೆ ವಿಶೇಷ ತರಬೇತಿ ಕೊಟ್ಟ ಕಡೆಯೂ ಕೊಡದ ಕಡೆಯೂ ಗುಣ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿನ 'ಎಂದಿನ ಆರೈಕೆ' ಏನು? ಪರೀಕ್ಷಿಸುವುದು, ಸಲಹೆ ಹೇಳುವುದು. ನಮಗೆ ಅದೇ ಇಲ್ಲ. ಗಂಜಿ ಉಂಡವನಿಗೆ ಪಾಯಸ ಬೇಡವಾದರೆ, ಹಸಿದವನಿಗೆ ಗಂಜಿಯೂ ಬೇಡವೇ?

ನಾವು ಕೇಳುವುದು ಗಂಜಿ. ಕೈಕಾಲು ಜೋಮು, 65 ತುಂಬಿದ ವಯಸ್ಸು, ಎತ್ತರದಿಂದ ಬಿದ್ದ ಪೆಟ್ಟು, ಇವುಗಳಲ್ಲೊಂದಿದ್ದರೂ ಕತ್ತು ಅಲುಗಿಸದೆ ಎಕ್ಸ್‌ರೇಗೆ ಕಳುಹಿಸಬೇಕು; ಕೆನಡಾದ ವೈದ್ಯರು 2001ರಲ್ಲೇ ಈ ನಿಯಮ ಬರೆದಿಟ್ಟಿದ್ದಾರೆ. ಮೂಳೆಗೆ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಪಟ್ಟಿ ಬಿಚ್ಚಿ, ಮೆಲ್ಲಗೆ ಕತ್ತು ತಿರುಗಿಸಲು ಧೈರ್ಯ ಹೇಳಬೇಕು. ಹೊರೆಯಿಲ್ಲದ ಹಗುರ ಕೆಲಸ ಕೊಡಬೇಕು. ಕಂಪೌಂಡರು ಇದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತಾರು.

ಸಮಾರ್ಯದವನು ಗಾಯ ಕಟ್ಟಿ ಛತ್ರದ ಖರ್ಚನ್ನೂ ಕೊಟ್ಟ. ಇಲ್ಲಿ ಪಟ್ಟಿಯ ಬೆಲೆಯನ್ನೂ ಕೂಲಿಯಲ್ಲಿ ಮುರಿದುಕೊಂಡರು! ಮುಂದಿನ ಮಾತುಕತೆಯಲ್ಲಿ ಬೋನಸ್ಸಿನ ಜೊತೆ ಇದನ್ನೂ ಮೇಜಿನ ಮೇಲಿಡುತ್ತೇವೆ.