ರೋಗಚರಿತ್ರೆಗೆ ಯಾವ ಭಾಷೆ?

ನಿನ್ನೆಯವರೆಗೆ ನೆಟ್ಟಗಿದ್ದ ಹುಡುಗಿ ಏಕಾಏಕಿ ನಿದ್ರೆಗೆಟ್ಟು, ಇಲ್ಲದವರನ್ನು ಕಂಡಂತೆ ಬಡಬಡಿಸಿ, ಕ್ರಮೇಣ ಮಾತು ನಿಂತು ಮರಗಟ್ಟಿದರೆ ಊರು 'ಗಾಳಿ ಸೋಕಿದೆ' ಎನ್ನುತ್ತದೆ. ಓದಿದವರು 'ಮಾನಸಿಕ' ಎನ್ನುತ್ತಾರೆ. ಎರಡೂ ವಿಚಾರಣೆಯಿಲ್ಲದ ತೀರ್ಪುಗಳೇ. ದೇಹದ ರಕ್ಷಣಾವ್ಯವಸ್ಥೆಯು ಮಿದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆಯೇ ತಿರುಗಿಬೀಳುವ ಎನ್ಸೆಫಲೈಟಿಸ್ ಹೀಗೂ ಆರಂಭವಾಗುತ್ತದೆಂದು ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು 2007ರಲ್ಲೇ ತೋರಿಸಿಕೊಟ್ಟರು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಪ್ರತಿಕಾಯಗಳನ್ನು ಹುಡುಕಬೇಕು. ಕೆಲವರಲ್ಲಿ ಅಂಡಾಶಯದ ಗಡ್ಡೆಯೇ ಇದರ ಮೂಲ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ವಿನಿಮಯದಂತಹ ಚಿಕಿತ್ಸೆ ಬೇಗ ದೊರೆತರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ.

ಆದರೆ ಆ ಪರೀಕ್ಷೆ ಬೇಕೆಂದು ವೈದ್ಯರಿಗೆ ಹೊಳೆಯುವುದು ಹೇಗೆ? 2016ರಲ್ಲಿ ತಜ್ಞರು ರೂಪಿಸಿದ ಮಾನದಂಡಗಳಲ್ಲಿ ಮುಖ್ಯ ಪ್ರಶ್ನೆಯೊಂದಿದೆ: ಬದಲಾವಣೆ ಮೂರು ತಿಂಗಳೊಳಗೆ ಬಿರುಸಾಗಿ ಬಂದದ್ದೇ? ಇದನ್ನು ಯಂತ್ರ ಹೇಳದು. ಮಗಳನ್ನು ದಿನವೂ ಕಂಡ ತಾಯಿ ಹೇಳಬೇಕು. ಆ ತಾಯಿಗೆ ಕನ್ನಡವೊಂದೇ ಬರುತ್ತದೆ. ಆಸ್ಪತ್ರೆ ಪುಣೆಯಲ್ಲೋ ದೆಹಲಿಯಲ್ಲೋ ಇದೆ. ಅವಳ ಅರ್ಧಗಂಟೆಯ ಕಥನವನ್ನು ಜೊತೆಗೆ ಬಂದವರು 'ದಿಮಾಗ್ ಖರಾಬ್' ಎಂಬ ಎರಡು ಪದಗಳಲ್ಲಿ ಮುಗಿಸುತ್ತಾರೆ. ಅನುವಾದದಲ್ಲಿ ನಷ್ಟವಾಗುವುದು ಕಾವ್ಯವೆಂದು ಗೋಷ್ಠಿಗಳಲ್ಲಿ ಮರುಗುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವೈದ್ಯರೆಲ್ಲ ಕನ್ನಡ ಕಲಿಯಲೆಂದು ನಾವು ಹಟ ಹಿಡಿಯುತ್ತಿಲ್ಲ. ದೊಡ್ಡಾಸ್ಪತ್ರೆಗಳಲ್ಲಿ ದುಭಾಷಿಗಳಿರಲಿ ಎಂಬುದು ನಮ್ಮ ಬೇಡಿಕೆ. ಅದು ಈಡೇರುವವರೆಗೆ ಹೊರನಾಡಿನ ಪ್ರತಿ ಕನ್ನಡ ಸಂಘವೂ ರಾಜ್ಯೋತ್ಸವದ ಆಮಂತ್ರಣದಲ್ಲಿ ಅತಿಥಿಗಳ ಹೆಸರಿನ ಕೆಳಗೆ, ಕರೆದೊಡನೆ ಆಸ್ಪತ್ರೆಗೆ ಬಂದು ತಾಯಿಯೊಬ್ಬಳ ಮಾತನ್ನು ಪೂರ್ತಿಯಾಗಿ ದಾಟಿಸಬಲ್ಲ ನಾಲ್ವರ ಹೆಸರನ್ನೂ ಅಚ್ಚು ಹಾಕಿಸಲಿ.